ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರೇ, ಜನರ ಮಾತಿಗೆ ಏನು ಉತ್ತರ ಕೊಡುತ್ತೀರಿ?

ಒಂಟಿಪೆಡಲ್

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ಸೈಕಲ್‌ನಲ್ಲೇ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ದೂರ ಜಾಸ್ತಿ ಏನಿಲ್ಲ, ಆರು ಕಿಲೋಮೀಟರ್. ಮಳೆ, ಪಂಕ್ಚರ್, ಎದುರುಗಾಳಿ ಎಲ್ಲದಕ್ಕೂ ಒಗ್ಗಿಕೊಂಡೆ. ಜನರ ಮಾತಿಗೆ ಮಾತ್ರ ಇನ್ನೂ ಒಗ್ಗಿಲ್ಲ.

ಮೊದಲು "ಗಾಡಿ ಕೆಟ್ಟಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದರೆ ತೂಕ ಇಳಿಸೋಕಾ?" ಅದೂ ಅಲ್ಲ ಅಂದರೆ ದನಿ ತಗ್ಗಿಸಿ "ಏನಾದರೂ ಕಷ್ಟ ಇದ್ದರೆ ಹೇಳಿ" ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ, ಅದು ನನಗೂ ಗೊತ್ತು. ಆದರೆ ನಾನು ಇಷ್ಟಪಟ್ಟು ಮಾಡುವ ಕೆಲಸ ನೋಡಿ ಪಾಪ ಅನ್ನುತ್ತಾರಲ್ಲ, ಅದು ಚುಚ್ಚುತ್ತದೆ. ಮ್ಯಾನೇಜರ್ ಒಮ್ಮೆ ಎಲ್ಲರ ಮುಂದೆಯೇ "ಹೊರಗಿನವರು ಮೀಟಿಂಗಿಗೆ ಬರುವ ದಿನ ಸೈಕಲ್ ಬೇಡ" ಅಂದರು. ಅಮ್ಮನಿಗೆ ನಾನು ಮನೆ ಸೇರುವ ತನಕ ಜೀವದಲ್ಲಿ ಜೀವ ಇರುವುದಿಲ್ಲ. ರಸ್ತೆಯಲ್ಲಂತೂ ಹಿಂದಿನಿಂದ ಹಾರ್ನ್, ಮೈಗೆ ತಾಗಿತೇನೋ ಅನ್ನುವಷ್ಟು ಹತ್ತಿರದಿಂದ ಓವರ್‌ಟೇಕ್, ಕಿಟಕಿ ಇಳಿಸಿ "ಪಕ್ಕಕ್ಕೆ ಹೋಗು" ಅಂತ ಕೂಗುವುದು, ಎಲ್ಲ ಇದೆ.

ಬಿಡುವ ಯೋಚನೆ ಇಲ್ಲ. ತುಳಿದುಕೊಂಡು ಹೋದ ದಿನ ತಲೆ ಹಗುರವಾಗಿರುತ್ತದೆ, ಸಂಜೆ ಮನೆಗೆ ಬರುವಷ್ಟರಲ್ಲಿ ಆಫೀಸಿನ ತಲೆಬಿಸಿ ದಾರಿಯಲ್ಲೇ ಇಳಿದಿರುತ್ತದೆ. ಆದರೆ ದಿನಾ ಸಮಜಾಯಿಷಿ ಕೊಟ್ಟು ಸಾಕಾಗಿದೆ. ನೀವೆಲ್ಲ ಏನು ಹೇಳುತ್ತೀರಿ? ಯಾವತ್ತಾದರೂ ಜನ ಕೇಳುವುದು ನಿಲ್ಲಿಸುತ್ತಾರಾ?

ಹಳೇಚೈನು

ನಿಲ್ಲಿಸುತ್ತಾರೆ. ನಿಮ್ಮ ವಾದ ಒಪ್ಪಿದ್ದಕ್ಕೆ ಅಂತ ತಿಳಿಯಬೇಡಿ, ನೋಡಿ ನೋಡಿ ಅಭ್ಯಾಸವಾಗಿ ನಿಲ್ಲಿಸುತ್ತಾರೆ. ನಾನು ವರ್ಷಗಟ್ಟಲೆಯಿಂದ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಈಗ ಒಂದು ದಿನ ಬಸ್ಸಿನಲ್ಲಿ ಬಂದರೆ "ಸೈಕಲ್ ಎಲ್ಲಿ?" ಅಂತ ಕೇಳುತ್ತಾರೆ.

ಒಂದು ವಿಷಯ ಗಮನಿಸಿದ್ದೀರಾ? ನೀವು ಏನೂ ಕೇಳದೇ ಇದ್ದರೂ "ನಮ್ಮನೆ ತುಂಬಾ ದೂರ", "ನನಗೆ ಮಂಡಿ ನೋವು" ಅಂತ ಅವರೇ ಕಾರಣ ಹೇಳೋಕೆ ಶುರು ಮಾಡುತ್ತಾರೆ. ನಿಮ್ಮನ್ನು ನೋಡಿದಾಗ ಅವರಿಗೆ ತಮ್ಮ ಬಗ್ಗೆಯೇ ಏನೋ ಕಸಿವಿಸಿ. ಆ ಹೊತ್ತಿನಲ್ಲಿ ನೀವು ಆರೋಗ್ಯ, ಹೊಗೆ, ಪರಿಸರ ಅಂತ ಶುರು ಮಾಡಿದರೆ ಅದು ಅವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ, ನೀವು ಎಷ್ಟೇ ಮೆತ್ತಗೆ ಹೇಳಿ. "ನನಗೆ ಇಷ್ಟ, ಖುಷಿಯಾಗುತ್ತದೆ" ಅಂದುಬಿಡಿ, ಸಾಕು. ಹಾಗೆ ಅಂದರೆ ಮುಂದಕ್ಕೆ ವಾದ ಮಾಡೋಕೆ ಏನೂ ಉಳಿಯುವುದಿಲ್ಲ.

ಪಾಪ ಅನ್ನುವವರ ಮೇಲೆ ಬೇಸರ ಬೇಡ. ಬೇರೆ ಗತಿ ಇಲ್ಲದವರು ಸೈಕಲ್ ತುಳಿಯುತ್ತಾರೆ ಅನ್ನುವ ಲೆಕ್ಕ ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಅದು ಮೊದಲಿಂದಲೂ ಇದ್ದ ಲೆಕ್ಕವಲ್ಲ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು, ಈ ಮಾದರಿ ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು. ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ್ದು 1888ರಲ್ಲಿ. ಅದರ ಹಿಂದೆಯೇ ಯುರೋಪ್, ಅಮೆರಿಕದಲ್ಲಿ ಸೈಕಲ್ ಹುಚ್ಚು ಹಬ್ಬಿತು, ಆಗ ಅದು ಉಳ್ಳವರ ಶೋಕಿ. ನಾವು ಇವತ್ತು ತುಳಿಯುವುದೂ ಹೆಚ್ಚುಕಡಿಮೆ ಅದೇ ಯಂತ್ರ.

ಇನ್ನೊಂದು ಮಾತು ಬರುತ್ತದೆ, "ನೆದರ್ಲೆಂಡ್ಸ್ ಬಿಡಿ, ಅವರು ಹುಟ್ಟಾ ಸೈಕಲ್‌ನವರು" ಅಂತ. ಪೂರ್ತಿ ನಿಜ ಅಲ್ಲ. 1950, 60ರ ದಶಕದಲ್ಲಿ ಅಲ್ಲೂ ಕಾರು ಬಂದು ಸೈಕಲನ್ನು ಮೂಲೆಗೆ ತಳ್ಳಿತ್ತು. 1971ರ ಒಂದೇ ವರ್ಷ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ ಅಂತ ಅಪ್ಪ ಅಮ್ಮಂದಿರು ಬೀದಿಗೆ ಇಳಿದರು. 1973ರಲ್ಲಿ ತೈಲ ಬಿಕ್ಕಟ್ಟೂ ಬಂತು, ಪೆಟ್ರೋಲ್ ಉಳಿಸೋಕೆ ಕಾರಿಲ್ಲದ ಭಾನುವಾರಗಳು ಶುರುವಾದವು. ಅಲ್ಲಿಂದ ಮುಂದೆ ಹಟ ಹಿಡಿದು ಸೈಕಲ್‌ಗೇ ಅಂತ ಪ್ರತ್ಯೇಕ ದಾರಿಗಳನ್ನು ಕಟ್ಟಿದರು. ಈಗ ಅಲ್ಲಿ ಜನ ಓಡಾಡುವುದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೈಕಲ್ ಮೇಲೆ. ಅಲ್ಲಿ 2010ರಿಂದ 2024ರ ತನಕ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಕೂಡ ಸೈಕಲ್‌ನಲ್ಲಿ ಕಚೇರಿಗೆ ಬರುತ್ತಿದ್ದರು. ಅವರಿಗೆ ಗಾಡಿ ಕೆಟ್ಟಿದೆಯಾ ಅಂತ ಯಾರೂ ಕೇಳಲಿಲ್ಲ.

ಸಂಜೆಗಾಳಿ

ಹಳೇಚೈನು ಅವರು ಹೇಳಿದ್ದು ಸರಿ. ಆದರೆ ಹೆಂಗಸರಿಗೆ ಇದರ ಜೊತೆ ಇನ್ನೊಂದಿಷ್ಟು ಮಾತು ಸೇರಿಕೊಳ್ಳುತ್ತದೆ, ಅದನ್ನೂ ಇಲ್ಲಿ ಹೇಳಬೇಕು. ಪಕ್ಕದಲ್ಲಿ ನಿಧಾನ ಮಾಡಿ ಏನೋ ಅಂದು ಹೋಗುವವರು, ಸುಮ್ನೆ ಹೆದರಿಸೋಕೆ ಕಿವಿ ಹತ್ತಿರ ಹಾರ್ನ್ ಹೊಡೆಯುವವರು. ನಾನು ಅವರಿಗೆ ಉತ್ತರ ಕೊಡುವುದಿಲ್ಲ, ಜೋರಾಗಿ ತುಳಿದು ತಪ್ಪಿಸಿಕೊಳ್ಳೋಕೂ ಹೋಗುವುದಿಲ್ಲ. ಜನ ಇರುವ ಕಡೆ ನಿಂತುಬಿಡುತ್ತೇನೆ, ಗಾಡಿ ನಂಬರ್ ಗಟ್ಟಿಯಾಗಿ ಓದುತ್ತೇನೆ. ಸಾಮಾನ್ಯವಾಗಿ ಅಷ್ಟಕ್ಕೇ ಮುಂದೆ ಹೋಗುತ್ತಾರೆ. ದಾರಿ ಆರಿಸುವಾಗ ಬೇಗ ತಲುಪುವ ದಾರಿಗಿಂತ ಬೆಳಕು ಮತ್ತು ಜನ ಇರುವ ದಾರಿ ನೋಡಿ. ಇದನ್ನೆಲ್ಲ ನಾವೇ ಯಾಕೆ ಲೆಕ್ಕ ಹಾಕಬೇಕು ಅಂತ ನನಗೂ ಕೋಪ ಬರುತ್ತದೆ, ಆದರೂ ಆ ಕೋಪಕ್ಕೆ ಸೈಕಲ್ ಬಿಡುವುದಿಲ್ಲ.

ಆಫೀಸಿನಲ್ಲಿ ಜಾಸ್ತಿ ಬರುವ ಮಾತು ಬೆವರಿನದ್ದು. ಇದಕ್ಕೆ ವಾದ ಬೇಡ, ಉಪಾಯ ಇದೆ. ತುಳಿಯುವಾಗ ಗಾಳಿ ಬೀಸಿ ಬೆವರು ಆರುತ್ತಾ ಇರುತ್ತದೆ. ನಿಂತ ತಕ್ಷಣ ಗಾಳಿ ನಿಲ್ಲುತ್ತದೆ, ಆದರೆ ಮೈ ಇನ್ನೂ ಬಿಸಿ, ಹಾಗಾಗಿ ಬೆವರು ಸುರಿಯುವುದು ಲಿಫ್ಟಿನ ಮುಂದೆ ನಿಂತಾಗಲೇ. ಕೊನೆಯ ಒಂದು ಕಿಲೋಮೀಟರ್ ಹಗುರವಾದ ಗೇರಿನಲ್ಲಿ ನಿಧಾನ ಬನ್ನಿ, ಹತ್ತು ನಿಮಿಷ ಮೊದಲೇ ತಲುಪಿ, ನೆರಳಲ್ಲಿ ನಿಂತು ಮೈ ಆರಿದ ಮೇಲೆ ಒಳಗೆ ಹೋಗಿ. ಬ್ಯಾಗು ಬೆನ್ನ ಮೇಲೆ ಬೇಡ, ಕ್ಯಾರಿಯರ್‌ಗೆ ಕಟ್ಟಿ. ಬೆನ್ನು ಒದ್ದೆಯಾಗುವುದು ಬಹುಪಾಲು ಬ್ಯಾಗಿನಿಂದಲೇ. ಅಂಗಿ ಬದಲಾಯಿಸಿಕೊಳ್ಳಿ, ಒಂದು ಜೊತೆ ಶೂ ಆಫೀಸಿನಲ್ಲೇ ಇಟ್ಟುಬಿಡಿ.

ಒಂದು ಒಳ್ಳೆಯ ಪ್ರತಿಕ್ರಿಯೆಯನ್ನೂ ಹೇಳುತ್ತೇನೆ. ನನ್ನನ್ನು ದಿನಾ ನೋಡುತ್ತಿದ್ದ ಸಹೋದ್ಯೋಗಿಯೊಬ್ಬರು, ನನಗಿಂತ ದೊಡ್ಡವರು, ಯಾರೂ ಇಲ್ಲದ ಹೊತ್ತಲ್ಲಿ ಬಂದು "ಈ ವಯಸ್ಸಲ್ಲಿ ಕಲಿಯೋಕೆ ಆಗುತ್ತಾ?" ಅಂತ ಕೇಳಿದರು. ಆಗುತ್ತದೆ ಅಂದೆ. ಪೆಡಲ್ ಬಿಚ್ಚಿಸಿ, ಸೀಟು ಇಳಿಸಿ, ಕಾಲಲ್ಲಿ ನೆಲ ತಳ್ಳಿಕೊಂಡು ಮೊದಲು ಬ್ಯಾಲೆನ್ಸ್ ಕಲಿತರು. ಈಗ ಅವರೂ ಬರುತ್ತಾರೆ.

ನಾಲ್ಕುಚಕ್ರ

ನಾನು ದಿನಾ ಕಾರು ಓಡಿಸುವವನು, ಸೈಕಲ್ ತುಳಿಯುವುದಿಲ್ಲ. ಸ್ಟೇರಿಂಗ್ ಹಿಂದೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಹಾರ್ನ್ ಹೊಡೆಯುವವರೆಲ್ಲ ಸಿಟ್ಟಿನಿಂದ ಹೊಡೆಯುವುದಿಲ್ಲ. ಮುಂದಿನ ಸೈಕಲ್ ಯಾವ ಕಡೆ ವಾಲುತ್ತದೋ ಅನ್ನುವ ಭಯಕ್ಕೂ ಹೊಡೆಯುತ್ತಾರೆ. ಹಾಗಂತ ಅಂಚಿಗೆ ಅಂಟಿಕೊಂಡು ಹೋಗಬೇಡಿ. ನೀವು ಚರಂಡಿ ಪಕ್ಕಕ್ಕೆ ಸರಿದಷ್ಟೂ ಹಿಂದಿನವನಿಗೆ "ಇದೇ ಲೇನಿನಲ್ಲಿ ನಾನೂ ತೂರಬಹುದು" ಅನ್ನಿಸುತ್ತದೆ. ಅಷ್ಟರಲ್ಲಿ ಒಂದು ಗುಂಡಿ ಬಂದು ನೀವು ತಟ್ಟನೆ ಒಳಕ್ಕೆ ತಿರುಗಿದರೆ ಅವನಿಗೆ ಬ್ರೇಕ್ ಹಾಕೋಕೆ ಜಾಗವೇ ಇರುವುದಿಲ್ಲ. ಅಂಚಿನಿಂದ ಸ್ವಲ್ಪ ಒಳಗೆ, ಒಂದೇ ಗೆರೆಯಲ್ಲಿ ಬನ್ನಿ. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲು ಪೂರ್ತಿ ತೆರೆಯುವಷ್ಟು ದೂರ ಬಿಡಿ. ಕಾರಿನವರಿಗೂ ಇಲ್ಲೊಂದು ಕೆಲಸ ಇದೆ. ಇಳಿಯುವಾಗ ಬಾಗಿಲನ್ನು ಹತ್ತಿರದ ಕೈ ಬಿಟ್ಟು ಆಚೆ ಕೈಯಲ್ಲಿ ತೆರೆಯಬೇಕು. ಹಾಗೆ ಮಾಡಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದನ್ನೇ ರೂಢಿ ಮಾಡಿಸಿದ್ದೇನೆ.

ಹತ್ತಿರದ ಓವರ್‌ಟೇಕ್ ಬಗ್ಗೆ ಹೇಳಿದಿರಲ್ಲ, ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಬಿಡಲೇಬೇಕು ಅಂತ ನಿಯಮ ಇದೆ. ನಿಯಮ ಬರೆದಿರಲಿ ಬಿಡಲಿ, ಅಷ್ಟು ಜಾಗ ಇಲ್ಲದಿದ್ದರೆ ಹಿಂದೆ ಕಾಯಬೇಕು. ಕಾಯುವುದು ಕೆಲವು ಸೆಕೆಂಡು ಅಷ್ಟೇ. ಮುಂದಿನ ಸಿಗ್ನಲ್‌ನಲ್ಲಿ ಇಬ್ಬರೂ ಒಟ್ಟಿಗೇ ನಿಂತಿರುತ್ತೇವೆ ಅಲ್ವಾ.

ಗಾಲಿಲೆಕ್ಕ

ರಸ್ತೆಯಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಅಳೆದು ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಸೈಕಲ್‌ಗೆ ದೂರ ಅಳೆಯುವ ಸೆನ್ಸರ್ ಕಟ್ಟಿಕೊಂಡು, ತಾವೇ ತುಳಿದು, 2,300ಕ್ಕೂ ಜಾಸ್ತಿ ಓವರ್‌ಟೇಕ್‌ಗಳನ್ನು ಅಳೆದರು. ಅದು 2007ರಲ್ಲಿ ಪ್ರಕಟವಾಯಿತು. ಹೆಲ್ಮೆಟ್ ಹಾಕಿದಾಗ ಗಾಡಿಗಳು, ಹಾಕದೇ ಇದ್ದಾಗ ಹೋಗಿದ್ದಕ್ಕಿಂತ ಸರಾಸರಿ 8.5 ಸೆಂಟಿಮೀಟರ್ ಜಾಸ್ತಿ ಹತ್ತಿರದಿಂದ ಹೋದವು. ಉದ್ದ ಕೂದಲಿನ ವಿಗ್ ಹಾಕಿ ಹೆಂಗಸಿನ ಹಾಗೆ ಕಾಣಿಸಿದಾಗ ಜಾಸ್ತಿ ಜಾಗ ಬಿಟ್ಟವು. ಆಮೇಲೆ ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ನೋಡಿ, ಹೆಲ್ಮೆಟ್‌ನಿಂದ ಅಂಥಾ ಅಪಾಯದ ವ್ಯತ್ಯಾಸ ಆಗುವುದಿಲ್ಲ ಅಂದರು. ಹಾಗಾಗಿ ಇದನ್ನು ಓದಿ ಹೆಲ್ಮೆಟ್ ತೆಗೆದಿಡಬೇಡಿ. ಬಿದ್ದಾಗ ತಲೆ ಉಳಿಸುವುದು ಅದೇ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದ್ದು ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನ. 442 ಜನರನ್ನು ಕೇಳಿದ್ದರು. ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ, ಸೈಕಲ್ ಸವಾರರು ಪೂರ್ತಿ ಮನುಷ್ಯರಲ್ಲ ಅನ್ನುವ ಅರ್ಥ ಬರುವಂತೆ ಉತ್ತರಿಸಿದರು. ಯಾರು ಹಾಗೆ ನೋಡುತ್ತಾರೋ ಅವರೇ ಬೇಕಂತಲೇ ಅಡ್ಡ ಬರುವುದು, ಹತ್ತಿರದಿಂದ ಹೋಗುವುದು ಜಾಸ್ತಿ ಅಂತ ಅವರ ಉತ್ತರಗಳಿಂದಲೇ ಗೊತ್ತಾಯಿತು. ಒಂಟಿಪೆಡಲ್ ಅವರೇ, ನಿಮ್ಮ ಮೇಲೆ ಕೂಗಿದವನಿಗೆ ಕಂಡದ್ದು ದಾರಿಗೆ ಅಡ್ಡವಾದ ಒಂದು ವಸ್ತು. ಅದಕ್ಕೇ ನಾನು ತಿರುಗುವ ಮೊದಲು ಹಿಂದೆ ತಿರುಗಿ ಚಾಲಕರ ಕಣ್ಣು ನೋಡುತ್ತೇನೆ, ಕೈ ತೋರಿಸುತ್ತೇನೆ, ದಾರಿ ಬಿಟ್ಟರೆ ಕೈ ಎತ್ತುತ್ತೇನೆ. ಮುಖ ಕಂಡವರು ಬೇರೆ ಥರ ನಡೆದುಕೊಳ್ಳುತ್ತಾರೆ ಅನ್ನುವುದು ನನ್ನ ಅನುಭವ.

ಒಂಟಿಪೆಡಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆವರಿನ ಉಪಾಯ ನಾಳೆಯಿಂದಲೇ. ಅಮ್ಮನ ಭಯಕ್ಕೆ ಏನು ಹೇಳಲಿ? ಮ್ಯಾನೇಜರ್ ವಿಷಯಕ್ಕೂ ಯಾರಾದರೂ ಹೇಳಿ.

ಗಾಲಿಲೆಕ್ಕ

ಅಮ್ಮನಿಗೆ ಭಯ ಸುಳ್ಳು ಅನ್ನಬೇಡಿ, ಅಪಾಯ ಇದೆ. ಆದರೆ ಇನ್ನೊಂದು ಕಡೆಯ ಲೆಕ್ಕವೂ ಇದೆ. ಬ್ರಿಟನ್ನಿನಲ್ಲಿ ಸುಮಾರು 2.6 ಲಕ್ಷ ಜನರನ್ನು ಸರಾಸರಿ ಐದು ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಯಾವುದೇ ಕಾರಣದಿಂದ ಸಾಯುವ ಅಪಾಯ, ಕಾರು, ಬಸ್ಸಿನಂಥದ್ದರಲ್ಲಿ ಕೂತು ಪ್ರಯಾಣ ಮಾಡುವವರಿಗಿಂತ 41% ಕಡಿಮೆ ಕಂಡಿತು. ಸೈಕಲ್ ಒಂದೇ ಅದಕ್ಕೆ ಕಾರಣ ಅಂತ ಇಂಥ ಅಧ್ಯಯನದಿಂದ ಹೇಳೋಕೆ ಆಗುವುದಿಲ್ಲ, ಆದರೂ ವ್ಯತ್ಯಾಸ ಸಣ್ಣದಲ್ಲ. ಹಾಗೇ, ಸೈಕಲ್ ತುಳಿಯುವವರು ಜಾಸ್ತಿ ಇರುವ ಕಡೆ ಒಬ್ಬೊಬ್ಬರಿಗೂ ಅಪಾಯ ಕಡಿಮೆ ಅಂತ 2003ರಿಂದಲೇ ಸಂಶೋಧಕರು ತೋರಿಸುತ್ತಿದ್ದಾರೆ. ಚಾಲಕರ ಕಣ್ಣಿಗೆ ರೂಢಿಯಾಗುವುದೂ ಅದಕ್ಕೆ ಒಂದು ಕಾರಣ ಅನ್ನುತ್ತಾರೆ.

ಸಂಜೆಗಾಳಿ

ಅಮ್ಮಂದಿರಿಗೆ ಅಂಕಿ ಹೇಳಿ ಸಮಾಧಾನ ಮಾಡೋಕೆ ಆಗುವುದಿಲ್ಲ. ಒಂದು ರಜೆಯ ದಿನ ನೀವು ಹೋಗುವ ದಾರಿಯಲ್ಲಿ ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ಅವರು ಮನಸ್ಸಲ್ಲಿ ನೋಡುತ್ತಿರುವ ರಸ್ತೆ ಬೇರೆಯೇ ಇರುತ್ತದೆ. ಎಲ್ಲಿ ಇಳಿದು ತಳ್ಳುತ್ತೀರಿ, ಯಾವ ದೊಡ್ಡ ಸರ್ಕಲ್ ತಪ್ಪಿಸಿ ಒಳರಸ್ತೆ ಹಿಡಿಯುತ್ತೀರಿ, ಎಲ್ಲ ಹೇಳಿ. ತಲುಪಿದ ತಕ್ಷಣ ಒಂದು ಮೆಸೇಜ್ ಹಾಕಿ, ಲೊಕೇಶನ್ ಶೇರ್ ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಇದೇ.

ಮೇಜಿನಾಚೆ

ನಾನು ಒಂದು ತಂಡ ನೋಡಿಕೊಳ್ಳುವವನು, ಆ ಕಡೆಯಿಂದ ಹೇಳುತ್ತೇನೆ. ಮ್ಯಾನೇಜರ್‌ಗೆ ಉತ್ತರ ಎಲ್ಲರ ಮುಂದೆ ಕೊಡಬೇಡಿ, ಒಬ್ಬರೇ ಇದ್ದಾಗ ಹೋಗಿ ಕೇಳಿ. "ನಿಮಗೆ ಚಿಂತೆ ಇರುವುದು ಬಟ್ಟೆ ಬಗ್ಗೆಯಾ, ತಡವಾಗುವುದರ ಬಗ್ಗೆಯಾ?" ಅಂತ ನೇರವಾಗಿಯೇ ಕೇಳಿ. ಬಹಳ ಸಲ ಅವರಿಗೇ ಅದು ಸ್ಪಷ್ಟ ಇರುವುದಿಲ್ಲ. ಮೀಟಿಂಗ್ ಶುರುವಾಗುವ ಅರ್ಧ ಗಂಟೆ ಮೊದಲೇ ರೆಡಿಯಾಗಿ ಕೂತಿರುತ್ತೇನೆ ಅಂತ ಹೇಳಿ, ಹಾಗೇ ಮಾಡಿ. ಹೇಗೆ ಬಂದಿರಿ ಅನ್ನುವುದು ಆಮೇಲೆ ಯಾರ ಪ್ರಶ್ನೆಯೂ ಅಲ್ಲ. ಹಾಗೇ ಸೈಕಲ್ ನಿಲ್ಲಿಸೋಕೆ ನೆಲಕ್ಕೆ ಕೂರಿಸಿದ ಸ್ಟ್ಯಾಂಡ್ ಬೇಕು ಅಂತ ಬರವಣಿಗೆಯಲ್ಲಿ ಕೇಳಿ, ಫ್ರೇಮ್ ಮತ್ತು ಚಕ್ರ ಎರಡಕ್ಕೂ ಸೇರಿಸಿ ಬೀಗ ಹಾಕುವಂಥದ್ದು. ಮುಂದಿನ ಗೇಟಿನ ಹತ್ತಿರವೇ ಕೇಳಿ, ಜನರೇಟರ್ ಹಿಂದೆ ಬೇಡ. ಎದುರಿಗೆ ಒಂದು ಸ್ಟ್ಯಾಂಡ್ ಇದ್ದರೆ ಸೈಕಲ್ ಕೂಡ ಆಫೀಸಿಗೆ ಬರುವ ಮಾಮೂಲಿ ಗಾಡಿ ಅಂತ ಎಲ್ಲರಿಗೂ ಕಾಣುತ್ತದೆ.

ಒಂಟಿಪೆಡಲ್

ಸ್ಟ್ಯಾಂಡ್ ವಿಷಯ ಈ ವಾರವೇ ಮೇಲ್ ಹಾಕುತ್ತೇನೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಕೊನೆಯದೊಂದು, ಸಂಜೆ ಹೊತ್ತಿಗೆ ಹಿಂದಿನ ಲೈಟ್ ಮಿನುಗುವುದು ಒಳ್ಳೆಯದಾ, ಒಂದೇ ಸಮ ಉರಿಯುವುದಾ?

ಹಳೇಚೈನು

ಹಗಲಲ್ಲಿ ಮಿನುಗುವುದು ಬೇಗ ಕಣ್ಣಿಗೆ ಬೀಳುತ್ತದೆ. ಕತ್ತಲಾದ ಮೇಲೆ ಒಂದೇ ಸಮ ಉರಿಯುವುದೇ ಒಳ್ಳೆಯದು, ನೀವು ಎಷ್ಟು ದೂರದಲ್ಲಿದ್ದೀರಿ ಅಂತ ಹಿಂದಿನವರಿಗೆ ಅಂದಾಜು ಸಿಗುತ್ತದೆ. ಜೊತೆಗೆ ಎರಡೂ ಕಣಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿ. ಮೇಲೆ ಕೆಳಗೆ ಆಡುವ ಕಾಲು ಕಂಡರೆ ಮುಂದೆ ಹೋಗುತ್ತಿರುವುದು ಒಬ್ಬ ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತದೆ.