ಮಗಳು ಓದುವ ಪುಸ್ತಕ ನನಗೆ ಸೇರುವುದಿಲ್ಲ: ಓದುಗರ ಸ್ಪಂದನ

ಕಳೆದ ವಾರದ ಪತ್ರ: ನಾನು ಕಲಬುರಗಿಯಲ್ಲಿ ಕನ್ನಡ ಉಪನ್ಯಾಸಕಿ. ಪಿಯುಸಿ ಓದುವ ಮಗಳು ಈಚೆಗೆ ಮೊಬೈಲ್ ಬಿಟ್ಟು ಪುಸ್ತಕ ಹಿಡಿದಿದ್ದಾಳೆ. ಆದರೆ ಎಲ್ಲವೂ ರೀಲ್ಸ್ ನೋಡಿ ತರಿಸಿಕೊಂಡ ಪ್ರೇಮಕಥೆಗಳು. ವಾಕ್ಯ ನೆಟ್ಟಗಿಲ್ಲ, ಪುಟಪುಟಕ್ಕೂ ಅಕ್ಷರದ ತಪ್ಪು. ಮುಖಪುಟದ ಮೇಲೆ ಮಾತ್ರ ‘ಎಂಟನೇ ಮುದ್ರಣ’. ಹೇಗೋ ಓದುತ್ತಿದ್ದಾಳಲ್ಲ ಎಂದು ಸುಮ್ಮನಿರಲೇ, ಬೇಡ ಅನ್ನಲೇ?

ಕಥೆಯ ಕಪಾಟಿಗೆ ಬರುವವರೇ ಅವರು

ಅಕ್ಕೋರೆ, ಬೇಡ ಅನ್ನಬೇಡಿ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. ನಮ್ಮಲ್ಲಿ ಕೂತು ಓದುವವರಲ್ಲಿ ಹೆಚ್ಚಿನವರು ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆಯ ಹುಡುಗರು. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಬಂದ ಮೇಲೆ ನಮ್ಮ ಕಡೆ ಈ ಓದು ಜಾಸ್ತಿಯಾಗಿದೆ, ಒಳ್ಳೆಯದೇ. ಆದರೆ ಅವರು ಕಥೆ, ಕಾದಂಬರಿಯ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿಗೆ ಬರುವವರು ಹೆಣ್ಣುಮಕ್ಕಳು. ಅವರು ಕೇಳುವುದು ನಿಮ್ಮ ಮಗಳು ಓದುವಂಥದ್ದನ್ನೇ. ಅದು ನಮ್ಮಲ್ಲಿ ಇರುವುದಿಲ್ಲ.

ಏನಿರುತ್ತದೆ ಕೇಳಿ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಇಲಾಖೆ ಸಗಟು ಖರೀದಿ ಮಾಡುತ್ತದೆ. ಅದೊಂದನ್ನೇ ನೆಚ್ಚಿಕೊಂಡು ಅಚ್ಚಾಗುವ ಪುಸ್ತಕಗಳು ಬೇಕಾದಷ್ಟಿವೆ. ಅವುಗಳ ಕನ್ನಡವೂ ಅಷ್ಟಕ್ಕಷ್ಟೇ. ಆದರೆ ಅವನ್ನು ಯಾರೂ ಬೈಯುವುದಿಲ್ಲ, ಯಾಕೆಂದರೆ ಯಾರೂ ಓದಿಲ್ಲ! ರೀಲ್ಸ್ ಪುಸ್ತಕದವರು ಓದುವವರನ್ನು ಹುಡುಕಿಕೊಂಡಾದರೂ ಹೋಗುತ್ತಾರೆ. ಹಿಂದಿನ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ನೀವೇ ಪಾಠದಲ್ಲಿ ಹೇಳುತ್ತೀರಿ, ಅಲ್ವಾ? (ಬರವಣಿಗೆಯಲ್ಲಿ ಹೋಲಿಕೆಯೇ ಇಲ್ಲ, ಗೊತ್ತು. ಬೈಯಬೇಡಿ.)

ಹಾಗಂತ ಇಂಥದ್ದು ಓದಿದವರು ತಾವಾಗಿಯೇ ಒಳ್ಳೆಯ ಪುಸ್ತಕಕ್ಕೆ ಬರುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ಕೈಗೆಟುಕುವಲ್ಲಿ ಇನ್ನೊಂದು ಪುಸ್ತಕ ಇರಬೇಕು. ಅದನ್ನು ಇಷ್ಟಪಟ್ಟು ಹೇಳುವವರೂ ಇರಬೇಕು. ಒಬ್ಬ ಹುಡುಗಿಗೆ ಅವಳಜ್ಜಿಯ ಕಾಲದ ಕಾದಂಬರಿಯೊಂದನ್ನು ಕೊಟ್ಟೆ. “ಇದರಲ್ಲಿ ಲವ್ ಇದೆಯಾ?” ಅಂದಳು. “ಇದೆ, ಜೊತೆಗೆ ಅತ್ತೆಯೂ ಇದ್ದಾಳೆ” ಅಂದೆ. ನಗುತ್ತ ತಗೊಂಡು ಹೋದಳು. ವಾಪಸ್ ಕೊಡುವಾಗ ಅದೇ ಲೇಖಕಿಯದು ಇನ್ನೊಂದು ಬೇಕು ಅಂದಳು.
– ಗ್ರಂಥಾಲಯ ಮೇಲ್ವಿಚಾರಕಿ, ಸುರಪುರ ತಾಲ್ಲೂಕು

ಎಂಟನೇ ಮುದ್ರಣದ ಗುಟ್ಟು

ಮೇಡಂ, ನಾನು ಪುಸ್ತಕದ ಪುಟ ಕಟ್ಟುವ ಡಿಟಿಪಿ ಕೆಲಸದವನು. ಆ ‘ಎಂಟನೇ ಮುದ್ರಣ’ ನೋಡಿ ಹೆದರಬೇಡಿ. ಆಫ್‌ಸೆಟ್ ಕಾಲದಲ್ಲಿ ಒಂದು ಮುದ್ರಣ ಅಂದರೆ ಸಾವಿರ ಪ್ರತಿ ಅನ್ನುವುದು ರೂಢಿ. ಈಗ ಡಿಜಿಟಲ್‌ನಲ್ಲಿ ನೂರು ಪ್ರತಿಯನ್ನೂ ಹಾಕಿಸಬಹುದು. ಅದಕ್ಕೂ ಒಂದು ಮುದ್ರಣ ಅಂತಲೇ ಲೆಕ್ಕ.

ತಪ್ಪು ಎಲ್ಲಿಂದ ಬರುತ್ತದೆ ಹೇಳುತ್ತೇನೆ. ಲೇಖಕರು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಪುಟ ಕಟ್ಟಲು ಅದನ್ನು ಮೊಬೈಲಿನ ಯೂನಿಕೋಡ್‌ನಿಂದ ‘ನುಡಿ’ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಲವು ಸಲ ಒಡೆಯುತ್ತವೆ. ಯಾರಾದರೂ ಕರಡು ತಿದ್ದಲೇಬೇಕು. “ಬಿಡುಗಡೆ ಭಾನುವಾರ ಇದೆ ಸರ್, ಹಾಗೇ ಹಾಕಿಬಿಡಿ” ಅನ್ನುತ್ತಾರೆ. ಸರಳವಾಗಿ ಬರೆದರೆ ನನ್ನ ತಕರಾರಿಲ್ಲ. ದುಡ್ಡು ಕೊಡುವ ಓದುಗರಿಗೆ ತಿದ್ದದ ಪುಸ್ತಕ ಕೊಡುವುದಕ್ಕೆ ಮಾತ್ರ ಇದೆ. ತಪ್ಪುಗಳನ್ನು ಗುರುತು ಹಾಕಿ ಪ್ರಕಾಶಕರಿಗೆ ಕಳಿಸಲು ಮಗಳಿಗೇ ಹೇಳಿ. ಓದುಗರೊಬ್ಬರು ಹಾಗೆ ಕಳಿಸಿದ ಮೇಲೆ ಮುಂದಿನ ಮುದ್ರಣಕ್ಕೆ ನಮ್ಮಿಂದಲೇ ತಿದ್ದಿಸಿದ್ದುಂಟು.
– ಡಿಟಿಪಿ ಆಪರೇಟರ್, ಕಲಬುರಗಿ

ನಮ್ಮ ತಂದೆಯ ಕನ್ನಡ

ನಮ್ಮ ತಂದೆ ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ ಕನ್ನಡ ಬೇಕಾಯಿತು. ವ್ಯಾಕರಣ ಹಿಡಿದರೆ ನಿದ್ದೆ ಬರುತ್ತಿತ್ತಂತೆ. ಕೊನೆಗೆ ಕೈ ಹಿಡಿದದ್ದು ಪತ್ತೇದಾರಿ ಕಾದಂಬರಿ. ಕೊಲೆಗಾರ ಯಾರು ಅಂತ ತಿಳಿಯಬೇಕಾದರೆ ಒತ್ತಕ್ಷರ ಬಿಡಿಸಿ ಓದಲೇಬೇಕಲ್ಲ! ಅಂದ ಹಾಗೆ, ನಮ್ಮ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ.
– ನಿವೃತ್ತ ಗುಮಾಸ್ತ, ಸೇಡಂ

ಏನಾದರೂ ಓದಲಿ ಅನ್ನುವುದು ಸರಿಯಲ್ಲ

ಸಹೋದರಿ, ಎಲ್ಲರೂ ನಿಮಗೆ ಸಮಾಧಾನ ಹೇಳುತ್ತಾರೆ. ನಾನು ಹೇಳುವುದಿಲ್ಲ. ನಮ್ಮ ಕಡೆ ಕನ್ನಡ ಪುಸ್ತಕದ ಅಂಗಡಿಗಳೇ ಕಡಿಮೆ. ಇರುವ ಕಪಾಟನ್ನೂ ಇವೇ ತುಂಬಿಕೊಂಡರೆ ಉಳಿದವು ಎಲ್ಲಿ ಹೋಗಬೇಕು? ನಮ್ಮ ಬೀದರಿನಲ್ಲಿ 1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಅಂತ ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ನನಗೆ ಒಂದು ಕವನ ಸಂಕಲನ ಬೇಕಾದರೆ ಬೆಂಗಳೂರಿನಿಂದ ತರಿಸಬೇಕು.

ಅಕ್ಷರದ ತಪ್ಪಿಗಿಂತ ನನಗೆ ಕಥೆಯದೇ ಚಿಂತೆ. ತಂಗಿಯ ಮಗಳ ಹತ್ತಿರ ಇದ್ದ ಎರಡು ಪುಸ್ತಕ ಓದಿದೆ. ಎರಡರಲ್ಲೂ ಬೇಡ ಅಂದವಳ ಹಿಂದೆ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಒಪ್ಪಿಸುವವನೇ ಹೀರೊ. ಇದನ್ನು ಹುಡುಗಿಯರ ಹತ್ತಿರ ಮಾತಾಡದೇ ಬಿಡಬಾರದು. ಹಾಗೆ ಮಾತಾಡಬೇಕಾದರೆ ನೀವೂ ಆ ಪುಸ್ತಕವನ್ನು ಪೂರ್ತಿ ಓದಬೇಕು. ಕಷ್ಟ, ನನಗೂ ಆಯಿತು. ಓದದೇ ಬೈದರೆ ಮಗಳು ಕೇಳಿಸಿಕೊಳ್ಳುವುದಿಲ್ಲ. ಓದಿ ಬೈದರೆ ಜಗಳವಾದರೂ ಆಗುತ್ತದೆ.
– ಬ್ಯಾಂಕ್ ಉದ್ಯೋಗಿ, ಬೀದರ್

ಒಂದೇ ಕೋರಿಕೆ

ಮೇಡಂ, ನಾನೂ ಪಿಯುಸಿ. ಆ ಪುಸ್ತಕಗಳಲ್ಲಿ ತಪ್ಪಿರುವುದು ನಮಗೂ ಗೊತ್ತು. ಗೆಳತಿಯರೆಲ್ಲ ಸೇರಿ ಓದಿ ಹೇಳಿ ನಗುತ್ತೇವೆ. ಆದರೂ ಒಂದು ಪುಸ್ತಕ ಇಡೀ ಬೆಂಚಿನ ಕೈ ದಾಟುತ್ತದೆ. ನೀವು ಬೇಡ ಅಂದರೆ ಅವಳು ಬಸ್ಸಿನಲ್ಲಿ ಓದುತ್ತಾಳೆ, ಅಷ್ಟೇ. ನಿಮಗಿಷ್ಟವಾದ ಪುಸ್ತಕ ಕೊಡಿ, ಅದನ್ನೂ ಓದುತ್ತಾಳೆ. ಓದಿ ಮುಗಿಸಿದ ಮೇಲೆ ‘ಲೇಖಕರ ಆಶಯವೇನು’ ಅಂತ ಮಾತ್ರ ಕೇಳಬೇಡಿ.
– ವಿದ್ಯಾರ್ಥಿನಿ, ಶಹಾಪುರ