ಇಂಗ್ಲಿಷಿನಲ್ಲಿ ಕೋಲನ್ (:), ಸೆಮಿಕೋಲನ್ (;) ಎಲ್ಲಿ ಹಾಕಬೇಕು? ಅನುಭವ ತಿಳಿಸಿ

ವಿಜಯಪುರದ ವಿದ್ಯಾರ್ಥಿನಿ:
ನಮ್ಮ ಭಾಗದ ಸ್ಮಾರಕಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ವರದಿ ಬರೆಯುತ್ತಿದ್ದೇನೆ. ಕೋಲನ್, ಸೆಮಿಕೋಲನ್ ಇದ್ದಲ್ಲೆಲ್ಲ ಮಾರ್ಗದರ್ಶಕರು ಕೆಂಪು ಗೆರೆ ಎಳೆದಿದ್ದಾರೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ತಿಳಿದವರು ದಯವಿಟ್ಟು ಹೇಳಿ.

ಜಮಖಂಡಿಯ ನಿವೃತ್ತ ಇಂಗ್ಲಿಷ್ ಶಿಕ್ಷಕ:
ತಂಗಿ, ಕೋಲನ್ ಹಾಕುವ ಮೊದಲು ಅದರ ಎಡಗಡೆ ಇರುವುದನ್ನಷ್ಟೇ ಓದಿ ನೋಡು. ಅಲ್ಲಿಗೇ ಪೂರ್ಣವಿರಾಮ ಇಟ್ಟರೂ ವಾಕ್ಯ ನಿಲ್ಲುವಂತಿದ್ದರೆ ಧೈರ್ಯವಾಗಿ ಹಾಕು. ‘ಬಾದಾಮಿ ಹ್ಯಾಸ್ ಫೋರ್ ಕೇವ್ ಟೆಂಪಲ್ಸ್: ತ್ರೀ ಹಿಂದೂ ಆ್ಯಂಡ್ ಒನ್ ಜೈನ್’ ಎಂಬುದು ಸರಿ. ‘ದ ತ್ರೀ ಡಿಸ್ಟ್ರಿಕ್ಟ್ಸ್ ಆರ್:’ ಎಂದು ನಿಲ್ಲಿಸಿ ಪಟ್ಟಿ ಕೊಡುವುದು ತಪ್ಪು, ಏಕೆಂದರೆ ‘ಆರ್’ ಎಂಬಲ್ಲಿಗೆ ಮಾತು ಮುಗಿದಿಲ್ಲ. ‘ಸಚ್ ಆ್ಯಸ್’, ‘ಇನ್‌ಕ್ಲೂಡಿಂಗ್’ ಆದ ಮೇಲೂ ಬೇಡ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಂಡದ್ದು ಇದನ್ನೇ. ‘ಅವು ಯಾವುವೆಂದರೆ’ ಎಂದು ಬರೆದೊಡನೆ ಎರಡು ಚುಕ್ಕಿ, ಒಂದು ಅಡ್ಡಗೆರೆ ಹಾಕಿ ರೂಢಿಯಾದ ಕೈ ಇಂಗ್ಲಿಷಿನಲ್ಲೂ ಹಾಗೆಯೇ ಓಡುತ್ತದೆ. ಆ ಅಡ್ಡಗೆರೆಯನ್ನೂ ಬಿಡು.

ಸೆಮಿಕೋಲನ್ನಿಗೆ ಎರಡೂ ಕಡೆ ಪೂರ್ಣ ವಾಕ್ಯ ಬೇಕು, ಅವೆರಡಕ್ಕೂ ನಂಟಿರಬೇಕು. ‘ಮೊಹಮ್ಮದ್ ಆದಿಲ್ ಶಾಹ ಲೈಸ್ ಇನ್ ದ ಗೋಲ್ ಗುಂಬಜ್, ಹಿಸ್ ಫಾದರ್ ಲೈಸ್ ಇನ್ ದ ಇಬ್ರಾಹಿಂ ರೋಜಾ.’ ಇಲ್ಲಿ ಬರಿಯ ಅಲ್ಪವಿರಾಮ ಸಾಲದು. ನಡುವೆ ‘ಆ್ಯಂಡ್’ ಸೇರಿಸಿದರೆ ಸಾಕಾಗುತ್ತದೆ. ‘ಬಿಕಾಸ್’, ‘ಆಲ್ದೋ’ಗಳಿಂದ ಶುರುವಾಗುವ ಭಾಗ ಒಂಟಿಯಾಗಿ ನಿಲ್ಲದು, ಆದ್ದರಿಂದ ಅದರ ಹಿಂದೆ ಸೆಮಿಕೋಲನ್ ಬರುವುದಿಲ್ಲ.

ಬೆಳಗಾವಿಯ ವಕೀಲೆ:
ಗುರುಗಳು ಹೇಳಿದ್ದು ಸರಿ. ಸೆಮಿಕೋಲನ್ನಿಗೆ ಇನ್ನೊಂದು ಕೆಲಸವೂ ಇದೆ, ನಮ್ಮ ವೃತ್ತಿಯಲ್ಲಿ ದಿನವೂ ಬೇಕಾಗುವುದು ಅದೇ. ಪಟ್ಟಿಯ ಒಂದೊಂದು ಅಂಶದ ಒಳಗೇ ಅಲ್ಪವಿರಾಮ ಇದ್ದರೆ ಅಂಶಗಳನ್ನು ಸೆಮಿಕೋಲನ್ನಿನಿಂದ ಬೇರ್ಪಡಿಸಬೇಕು: ಐಹೊಳೆ, ಬಾಗಲಕೋಟೆ; ಗೋಕಾಕ, ಬೆಳಗಾವಿ; ಇಂಡಿ, ವಿಜಯಪುರ. ಎಲ್ಲ ಕಡೆ ಅಲ್ಪವಿರಾಮವೇ ಇದ್ದರೆ ಮೂರು ಊರೋ ಆರು ಊರೋ ತಿಳಿಯುವುದಿಲ್ಲ. ಸಂವಿಧಾನದ ಪ್ರಸ್ತಾವನೆಯ ಇಂಗ್ಲಿಷ್ ಪಾಠವನ್ನು ತೆರೆದು ನೋಡು ತಂಗಿ. ನ್ಯಾಯದ ಸಾಲಿನಲ್ಲಿ ಸಾಮಾಜಿಕ, ಆರ್ಥಿಕ, ರಾಜಕೀಯ ಎಂಬ ವಿಂಗಡಣೆ ಇದೆ. ಆ ಸಾಲು ಸೆಮಿಕೋಲನ್ನಿನಿಂದ ಮುಗಿದು ಮುಂದಿನ ಸಾಲಿನಲ್ಲಿ ಸ್ವಾತಂತ್ರ್ಯ ಬರುತ್ತದೆ. ಅಷ್ಟು ಉದ್ದದ ಒಂದೇ ವಾಕ್ಯ ಎಲ್ಲೂ ಗೊಂದಲವಾಗದೆ ನಿಂತಿರುವುದನ್ನು ಓದುವಾಗ ನನಗೆ ಈಗಲೂ ಗೌರವ ಮೂಡುತ್ತದೆ. ಅಲ್ಲಿ ‘ಸಿಟಿಜನ್ಸ್’ ಆದ ಮೇಲೆ, ವಾಕ್ಯ ಮುಗಿಯುವ ಮೊದಲೇ, ಕೋಲನ್ ಇದೆ. ಅಂಶಗಳನ್ನು ಸಾಲು ಸಾಲಾಗಿ ಇಳಿಸುವ ಕಾನೂನು ಬರಹದಲ್ಲಿ ಅದು ನಡೆಯುತ್ತದೆ, ನಿನ್ನ ವರದಿಯ ಪ್ಯಾರಾದಲ್ಲಿ ಬೇಡ.

ಮುಧೋಳದ ಡಿಟಿಪಿ ಕೆಲಸಗಾರ:
ಎರಡೂ ಚಿಹ್ನೆಗಳ ಹಿಂದೆ ಜಾಗ ಬಿಡಬೇಡಿ, ಮುಂದೆ ಒಂದು ಜಾಗ ಬಿಡಿ. ಸೆಮಿಕೋಲನ್ ಆದ ಮೇಲೆ ಹೆಸರು ಬಂದರಷ್ಟೇ ದೊಡ್ಡ ಅಕ್ಷರ.

ವಿಜಯಪುರದ ವಿದ್ಯಾರ್ಥಿನಿ:
ಎಲ್ಲರಿಗೂ ಧನ್ಯವಾದ. ‘ಹೌಎವರ್’ ನಡುವೆ ಬಂದರೆ ಏನು ಮಾಡಬೇಕು ಸರ್?

ಜಮಖಂಡಿಯ ನಿವೃತ್ತ ಇಂಗ್ಲಿಷ್ ಶಿಕ್ಷಕ:
ಅದು ಎರಡು ಪೂರ್ಣ ವಾಕ್ಯಗಳನ್ನು ಜೋಡಿಸುತ್ತಿದ್ದರೆ ಹಿಂದೆ ಸೆಮಿಕೋಲನ್, ಮುಂದೆ ಅಲ್ಪವಿರಾಮ. ‘ದೇರ್‌ಫೋರ್’ಗೂ ಹಾಗೆಯೇ. ಒಂದೇ ವಾಕ್ಯದ ನಡುವೆ ಸುಮ್ಮನೆ ಬಂದಿದ್ದರೆ ಎರಡೂ ಕಡೆ ಅಲ್ಪವಿರಾಮ. ಕೆಂಪು ಗೆರೆ ಬಿದ್ದ ವಾಕ್ಯಗಳನ್ನು ಇಲ್ಲಿ ಹಾಕು, ಒಂದೊಂದಾಗಿ ನೋಡೋಣ.