ಡೀಸೆಲ್ ಚೆಲ್ಲಿದ ಯರಿ ಮಣ್ಣಾಗ ಬಿತ್ತಿದ ಜೋಳ ಹಳದಿ ಬೀಳಾಕತ್ತೈತಿ, ಏನ್ ಮಾಡ್ಲಿ?

ಇಂಡಿ ನಿಂಬಿತೋಟ:
ನಮಸ್ಕಾರ್ರಿ. ಬಾವಿ ಇಂಜಿನ್ ಹತ್ರ ಕ್ಯಾನ್ ಒಡದು ಸುಮಾರು 20 ಲೀಟರ್ ಡೀಸೆಲ್ ಹರದು ಎರಡು ತಿಂಗಳಾತು, ಜಾಗ ಅರ್ಧ ಗುಂಟೆ ಇರಬೇಕು. ಬೆಳಿ ಹಾಕಿದ್ರ ಎಣ್ಣಿ ಕಡಿಮಿ ಆಗ್ತೈತಿ ಅಂದ್ರು, ಜೋಳ ಬಿತ್ತಿದ್ನಿ, ಅಲ್ಲೊಂದು ಇಲ್ಲೊಂದು ಹುಟ್ಟಿ ಗೇಣುದ್ದ ಆಗಿ ಹಳದಿ ಬಿದ್ದು ನಿಂತಾವ. ನೀರು ಬಿಟ್ರ ಮ್ಯಾಲೇ ಹನಿ ಹನಿ ಆಗಿ ಉರುಳ್ತೈತಿ, ಒಳಗ ಇಳೀವಲ್ದು. ಹತ್ತು ಮಾರಿನಾಗ ನಿಂಬಿ ಗಿಡ ಅದಾವ, ನನಗ ಅದ ಚಿಂತಿ.

ಮುಧೋಳ ಮಣ್ಣು:
ಅಣ್ಣಾರ, ಯಾವ ಎಲಿ ಮೊದ್ಲ ಹಳದಿ ಆದ್ವು, ಕೆಳಗಿನ್ವೋ ಸುಳಿಯೋ?

ಇಂಡಿ ನಿಂಬಿತೋಟ:
ಕೆಳಗಿನ್ವರಿ, ತುದಿಯಿಂದ. ಮಣ್ಣು ಸಡಿಲ ಆಗ್ಲಿ ಅಂತ ಕಣಕಿ ಕತ್ತರಿಸಿ ಹಾಕ್ಲೇನ್ರಿ?

ಮುಧೋಳ ಮಣ್ಣು:
ಕಣಕಿ ಬ್ಯಾಡ್ರಿ! ಇದು ಸಾರಜನಕದ ಕೊರತಿ, ಕಣಕಿ ಹಾಕಿದ್ರ ಇನ್ನೂ ಹೆಚ್ಚಾಗ್ತೈತಿ. ಎಣ್ಣಿ ತಿನ್ನೂದು ಮುಖ್ಯವಾಗಿ ಬೇರಿನ ಸುತ್ತ ಇರೋ ಬ್ಯಾಕ್ಟೀರಿಯಾ, ಬೇರಿಂದ ಒಸರೋ ಸಕ್ಕರಿ ಅವಕ್ಕ ಆಹಾರ, ಬೇರು ಇಳದ ಸಂದಿಲೆ ಗಾಳಿ ಸಿಗ್ತೈತಿ. ಆದ್ರ ಡೀಸೆಲ್‌ನಾಗ ಬರೇ ಇಂಗಾಲ, ಹೈಡ್ರೋಜನ್, ಅದನ್ನ ಅರಗಿಸ್ಕೊಳ್ಳಾಕ ಬೇಕಾದ ಸಾರಜನಕ ಅವು ಜೋಳದ ಪಾಲಿಂದ ಕಸಗೊಂತಾವ.

ಲೆಕ್ಕ ನೋಡ್ರಿ, 20 ಲೀಟರ್ ಅಂದ್ರ ಸುಮಾರು 17 ಕೆಜಿ, ಅದ್ರಾಗ ಇಂಗಾಲ 14-15 ಕೆಜಿ. 100 ಇಂಗಾಲಕ್ಕ 10 ಸಾರಜನಕ, 1 ರಂಜಕ ಅಂತ ಸಾಮಾನ್ಯವಾಗಿ ಹಿಡೀತಾರ, ಅಂದ್ರ ಸಾರಜನಕ ಸುಮಾರು ಒಂದೂವರೆ ಕೆಜಿ, ಯೂರಿಯಾದಾಗ ಅದು ಅರ್ಧಕ್ಕಿಂತ ಕಡಿಮಿ ಇರೋದಕ್ಕ ಯೂರಿಯಾ 3 ಕೆಜಿ ಮ್ಯಾಲೆ. ಒಂದಿಷ್ಟು ಡೀಸೆಲ್ ಆಗಲೇ ಗಾಳಿಗೆ ಹಾರಿ ಹೋಗೇತಿ, ಅದಕ್ಕ ಅಷ್ಟೂ ಬ್ಯಾಡ, ಒಮ್ಮೆಲೆ ಹಾಕಿದ್ರ ಬೇರು ಸುಡ್ತೈತಿ, ಅರ್ಧ ಕೆಜಿ ಹಾಕಿ 20 ದಿನ ಬಿಟ್ಟು ಎಲಿ ನೋಡಿ ಮತ್ತ ಹಾಕ್ರಿ. ಅದ್ಕೂ ಮೊದ್ಲ ಪೂರ್ತಿ ಕಳತ ತಿಪ್ಪಿ ಗೊಬ್ಬರ ನಾಲ್ಕೈದು ಬುಟ್ಟಿ ಹಾಕಿ ಸಲಕಿಲೆ ತಿರುವ್ರಿ, ಆಗ ನೀರು ಇಳೀತೈತಿ. ಹದ ಇದ್ದಾಗ ತಿರುವ್ರಿ, ಯರಿ ಮಣ್ಣು ಹಸಿ ಇದ್ದಾಗ ತುಳದ್ರ ಗಾಳಿ ಆಡೂದ ನಿಂತು ಹೋಗ್ತೈತಿ. ನೀರೂ ನಿಲ್ಲಸಬ್ಯಾಡ್ರಿ. ಜೋಳದ ಜೋಡಿ ಕುದುರೆ ಮೆಂತೆ ಹಾಕ್ರಿ, ನಿಂಬಿ ಕಡೆ ಬದುವಿಗೆ ಲಾವಂಚ, ಅದ್ರ ಬೇರು ಬಾಳ ಆಳ ಹೋಗ್ತಾವ.

ಬಾಗೇವಾಡಿ ರೈತ:
ಒಂದ್ ಮಾತು, ಆ ಜಾಗದ ಮೇವು ದನಕ್ಕ ಹಾಕಬ್ಯಾಡ್ರಿ. ಬಾವಿ ನೀರಿಗೆ ವಾಸನಿ ಐತೇನು ಅದೂ ನೋಡ್ರಿ, ಇದ್ರ ಕುಡಿಯೂದು ಇವತ್ತಿಂದ ಬಂದ್. ಮೂರು ತಿಂಗಳಿಗೊಮ್ಮೆ ಆ ಮಣ್ಣು ಒಂದು ಕುಂಡ, ಒಳ್ಳೆ ಮಣ್ಣು ಒಂದು ಕುಂಡ ತಗೊಂಡು ಎರಡ್ರಾಗೂ 20 ಮೆಂತೆ ಕಾಳು ಊರ್ರಿ, ಹುಟ್ಟಿದ್ದು ಎಣಿಸಿದ್ರ ಎಷ್ಟು ಸುಧಾರಿಸೇತಿ ಅಂದಾಜು ಸಿಗ್ತೈತಿ.

ಇಂಡಿ ನಿಂಬಿತೋಟ:
ಬಾವಿಗೆ ಹೋಗಿ ಬಂದ್ನಿ, ವಾಸನಿ ಇಲ್ರಿ. ನಾಳೆ ಗೊಬ್ಬರ ಹೊರ್ತೀನಿ.